ಕುರ್ಚಿಯಿಂದ ಮಣೆಯವರೆಗೆ

(ಸಂಘದ ಆರೋಗ್ಯ ಉಪನ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಅಂಗವಾಗಿ ನಡೆಯುವ ಉಪನ್ಯಾಸಗಳಲ್ಲಿ ನಾಡಿನ ಮಾತು, ನುಡಿಯ ಮಾತು, ಕವಿಗಳ ಮಾತು ಬರುವುದು ವಾಡಿಕೆ. ಈ ಸಂಜೆ ಮಾತ್ರ ಮೊಣಕಾಲಿನ ಮಾತನ್ನು ಆಡಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ಕವಿಗೋಷ್ಠಿಗೆ ಬಂದವರು ಎರಡನೆಯ ಮಹಡಿಯ ಈ ಸಭಾಂಗಣಕ್ಕೆ ಮೆಟ್ಟಿಲು ಹತ್ತಿಯೇ ಬರಬೇಕಾಗಿರುವುದರಿಂದ, ಮೊಣಕಾಲಿಗೂ ಸಾಹಿತ್ಯಸೇವೆಯಲ್ಲಿ ಒಂದು ಪಾಲು ಉಂಟೆಂದು ಒಪ್ಪಿಕೊಳ್ಳಬೇಕು.

ನಾವು ವೈದ್ಯರಲ್ಲ, ಪೈಲ್ವಾನರೂ ಅಲ್ಲ. ವಾಣಿಜ್ಯ ಶಾಸ್ತ್ರದಲ್ಲಿ ಪದವಿ ಪಡೆದು, ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ, ಮೂವತ್ತು ದಾಟಿ ಇನ್ನೂ ನಲವತ್ತು ಮುಟ್ಟದ ಗೃಹಸ್ಥರು. ಎರಡು ವರ್ಷಗಳಿಂದ ಏಳೆಂಟು ಮಂದಿ ಸಮಾನವಯಸ್ಕರು ಸೇರಿ, ವಾರಕ್ಕೆ ಮೂರು ಬೆಳಗು ಇದೇ ಸಭಾಂಗಣದಲ್ಲಿ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ವ್ಯಾಯಾಮ ಮಾಡುತ್ತ ಬಂದಿದ್ದೇವೆ. ಆ ಅವಧಿಯಲ್ಲಿ ಬಸ್ಕಿಯ ವಿಷಯವಾಗಿಯೂ ಅದರಿಂದ ಬರುವ ಮಂಡಿನೋವಿನ ವಿಷಯವಾಗಿಯೂ ವೈದ್ಯರಿಂದ, ಅಂಗಸಾಧಕರಿಂದ, ಪುಸ್ತಕಗಳಿಂದ ನಾವು ಸಂಗ್ರಹಿಸಿದುದನ್ನು ತಮ್ಮ ಮುಂದೆ ಇಡುತ್ತೇವೆ. ಹೇಳಬೇಕಾದ ಮುಖ್ಯ ಮಾತು ಒಂದೇ. ಬಸ್ಕಿಯಿಂದ ಮೊಣಕಾಲು ನೋಯತೊಡಗಿದಾಗ ಬಸ್ಕಿಯನ್ನು ಬಿಟ್ಟುಬಿಡುವುದು ಪರಿಹಾರವಲ್ಲ. ನೋವನ್ನು ಹಲ್ಲುಕಚ್ಚಿ ಸಹಿಸಿಕೊಂಡು ಮುಂದುವರಿಸುವುದೂ ಪರಿಹಾರವಲ್ಲ. ಎತ್ತರವನ್ನು ಕಡಮೆ ಮಾಡಿಕೊಂಡು, ಕ್ರಮವನ್ನು ಕಲಿತುಕೊಂಡು, ಮೆಲ್ಲಮೆಲ್ಲನೆ ಕೆಳಗೆ ಇಳಿಯುವುದೇ ಪರಿಹಾರ.

ಬಸ್ಕಿ ನಮಗೆ ಹೊಸದಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸದ ಹುಡುಗನಿಗೆ ಮೇಷ್ಟ್ರು ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ಗಣಪತಿಯ ಮುಂದೆ ಕೈಗಳನ್ನು ಅಡ್ಡಹಾಯಿಸಿ ಕಿವಿ ಹಿಡಿದುಕೊಂಡು ನಾವಾಗಿಯೇ ಹೊಡೆಯುತ್ತೇವೆ. ಮೈಸೂರಿನ ಗರಡಿಮನೆಗಳಲ್ಲಿ ದಂಡ ಮತ್ತು ಬಸ್ಕಿ ಎರಡೂ ಸಾಮಿನ ಮೊದಲ ಪಾಠ. ಇವೆಲ್ಲವನ್ನೂ ಬಿಟ್ಟರೂ, ನಮ್ಮ ಹಳ್ಳಿಯ ಮನೆಗಳ ಬದುಕೇ ಒಂದು ದೀರ್ಘವಾದ ಬಸ್ಕಿಯಾಗಿತ್ತು. ಅಂಗಳದಲ್ಲಿ ರಂಗೋಲಿ ಇಡಲು ಕುಕ್ಕುರುಗಾಲು, ಒಲೆಯ ಮುಂದೆ ರೊಟ್ಟಿ ತಟ್ಟಲು ಕುಕ್ಕುರುಗಾಲು, ಬಾವಿಯ ಬಳಿ ಪಾತ್ರೆ ಬೆಳಗಲು ಕುಕ್ಕುರುಗಾಲು, ಊಟಕ್ಕೆ ಮಣೆ, ಮಲಗಲು ಚಾಪೆ. ದಿನಕ್ಕೆ ನಲವತ್ತು ಐವತ್ತು ಸಲ ನೆಲಕ್ಕೆ ಇಳಿದು ಎದ್ದವರಿಗೆ ಅದನ್ನು ವ್ಯಾಯಾಮವೆಂದು ಕರೆಯುವ ಅಗತ್ಯವೇ ಕಂಡಿರಲಿಲ್ಲ.

ಈ ಮುಂಬಯಿಯ ದಿನಚರಿಯನ್ನು ನೋಡೋಣ. ಎದ್ದರೆ ಮಂಚ, ತಿಂಡಿಗೆ ಮೇಜು, ಲೋಕಲ್ ಗಾಡಿಯಲ್ಲಿ ಪುಣ್ಯವಿದ್ದರೆ ಆಸನ, ಕಚೇರಿಯಲ್ಲಿ ಎಂಟು ಗಂಟೆ ಕುರ್ಚಿ, ಮನೆಗೆ ಮರಳಿದರೆ ಸೋಫಾ. ಶೌಚಾಲಯ ಕೂಡ ಈಗ ಕುರ್ಚಿಯೇ. ಎಷ್ಟೋ ಮಂದಿಯ ಮೊಣಕಾಲು ಒಂದು ಕಾಟಕೋನಕ್ಕಿಂತ ಹೆಚ್ಚಾಗಿ ಬಾಗದೆಯೆ ವರ್ಷಗಳು ಕಳೆದಿರುತ್ತವೆ. ಹೀಗೆ ಹದಿನೈದು ವರ್ಷ ರಜೆಯ ಮೇಲಿದ್ದ ಮೊಣಕಾಲನ್ನು ಒಂದು ದಿನ ಬೆಳಿಗ್ಗೆ ಎಬ್ಬಿಸಿ, "ನಾಳೆಯಿಂದ ನೂರು ಬಸ್ಕಿ" ಎಂದು ಆಜ್ಞೆ ಮಾಡಿದರೆ ಅದು ದೂರು ಕೊಡದೆ ಇನ್ನೇನು ಮಾಡೀತು?

ನಮ್ಮ ಕೂಟದ ಒಬ್ಬ ಮಿತ್ರರ ಸಂಗತಿಯನ್ನು ಅವರ ಅನುಮತಿ ಪಡೆದೇ ಹೇಳುತ್ತಿದ್ದೇವೆ. ವಯಸ್ಸು ಮೂವತ್ತೆಂಟು. ನಮ್ಮ ಕೂಟಕ್ಕೆ ಸೇರುವ ಮೊದಲು, ಮೊಬೈಲಿನಲ್ಲಿ ಕಂಡ ಒಂದು ಪಂಥವನ್ನು ಒಪ್ಪಿಕೊಂಡು, ಜನವರಿಯ ಮೊದಲ ದಿನ ಇಪ್ಪತ್ತು ಬಸ್ಕಿಯಿಂದ ಆರಂಭಿಸಿದರು. ಮೂರನೆಯ ವಾರಕ್ಕೆ ದಿನಕ್ಕೆ ನೂರಿಪ್ಪತ್ತಾಯಿತು. ನಾಲ್ಕನೆಯ ವಾರ ದಾದರ್ ನಿಲ್ದಾಣದ ಸೇತುವೆಯ ಮೆಟ್ಟಿಲು ಇಳಿಯುವಾಗ ಎಡ ಮಂಡಿಯ ಮುಂಭಾಗದಲ್ಲಿ ಚುಳುಕ್ಕೆಂದಿತು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಹೆಚ್ಚು. ಆಮೇಲೆ ಸಿನಿಮಾ ಮಂದಿರದಲ್ಲಿ ಮೂರು ಗಂಟೆ ಕುಳಿತು ಏಳುವಾಗಲೂ ನೋವು. ಕೂಡಲೆ ಅವರು ಬಸ್ಕಿಯನ್ನು ಮಾತ್ರವಲ್ಲ, ಮೆಟ್ಟಿಲನ್ನೂ ನೆಲವನ್ನೂ ತ್ಯಜಿಸಿದರು. ನಾಲ್ಕು ತಿಂಗಳಾಯಿತು. ನೋವು ಅಷ್ಟಿಷ್ಟು ತಗ್ಗಿತೇ ಹೊರತು ಹೋಗಲಿಲ್ಲ, ತೊಡೆ ಸಣ್ಣಗಾಯಿತು.

ಆ ವರ್ಷ ಆಷಾಢದಲ್ಲಿ ತಂದೆಯ ವಾರ್ಷಿಕ ಶ್ರಾದ್ಧಕ್ಕೆಂದು ಊರಿಗೆ ಹೋದರು. ಮಣೆ ಹಾಕಿದ್ದರು. ಅವರು ಕುರ್ಚಿ ಕೇಳಿದರು. ಪುರೋಹಿತರು ಉದಾರಿಗಳು, ಅಡ್ಡಿಯಿಲ್ಲವೆಂದರು. ಕರ್ಮಕ್ಕೆ ಲೋಪವೇನೂ ಆಗಲಿಲ್ಲ. ಆದರೆ ಎಪ್ಪತ್ತು ದಾಟಿದ ಚಿಕ್ಕಪ್ಪ ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತಿದ್ದವರು, ಕಣ್ಣೆತ್ತಿ ನೋಡಿ, "ಏನೋ ಮಗು, ನಿನಗಿಂತ ನಾನೇ ಹುಡುಗ ಆದೆನಲ್ಲೋ!" ಎಂದರಂತೆ. ಹಾಸ್ಯಕ್ಕೆ ಆಡಿದ ಮಾತು. ಕೇಳಿದವರಿಗೆ ಮಾತ್ರ ಮಂಡಿಗಿಂತ ಹೆಚ್ಚಾಗಿ ಅದೇ ನೋಯಿತು. ಮುಂಬಯಿಗೆ ಮರಳಿದವರೇ ವೈದ್ಯರನ್ನು ಕಂಡರು.

ವೈದ್ಯರು ಮೊಣಕಾಲನ್ನು ಒತ್ತಿ, ಬಾಗಿಸಿ, ತಿರುಗಿಸಿ, ನಡೆಸಿ, ಒಂಟಿಕಾಲಿನಲ್ಲಿ ನಿಲ್ಲಿಸಿ ನೋಡಿದರು. ಊತವಿಲ್ಲ, ಕೀಲು ಸಿಕ್ಕಿಹಾಕಿಕೊಳ್ಳುವುದಿಲ್ಲ, ಕುಸಿಯುವುದಿಲ್ಲ. "ನಿಮ್ಮ ಮಂಡಿ ಸವೆದಿಲ್ಲ, ಕೆರಳಿದೆ" ಎಂದರು. ಈ ಎರಡು ಕ್ರಿಯಾಪದಗಳ ನಡುವಣ ಅಂತರವನ್ನು ತಿಳಿದುಕೊಂಡರೆ ಅರ್ಧ ಚಿಕಿತ್ಸೆ ಆದಂತೆಯೆ. ಸವೆದುದು ಮತ್ತೆ ಬೆಳೆಯುವುದು ಕಷ್ಟ. ಕೆರಳಿದುದನ್ನು ಸಮಾಧಾನ ಮಾಡಬಹುದು.

ಮೊಣಕಾಲಿನ ರಚನೆಯನ್ನು ಸ್ಥೂಲವಾಗಿ ನೋಡೋಣ. ಮೇಲೆ ತೊಡೆಯ ಮೂಳೆ, ಕೆಳಗೆ ಕೆಳಗಾಲಿನ ಮೂಳೆ. ಇವೆರಡರ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳು. ಮೂಳೆಗಳು ಅತ್ತಿತ್ತ ಜಾರದಂತೆ ಒಳಗೆ ಶಿಲುಬೆಯಂತೆ ಹಾಯ್ದ ಎರಡು ಹುರಿಗಳು, ಪಕ್ಕಗಳಲ್ಲಿ ಒಂದೊಂದು. ಮುಂದುಗಡೆ ಮಂಡಿಚಿಪ್ಪು. ಈ ಚಿಪ್ಪು ತೊಡೆಯ ಮುಂಭಾಗದ ದೊಡ್ಡ ಮಾಂಸಖಂಡದ ಹುರಿಯೊಳಗೆ ಹುದುಗಿಕೊಂಡಿದೆ. ಬಾವಿಯ ಗಡಗಡೆ ಹಗ್ಗಕ್ಕೆ ಹೇಗೆ ಸಹಾಯಕವೊ ಹಾಗೆ ಇದು ತೊಡೆಯ ಎಳೆತಕ್ಕೆ ಸಹಾಯಕ. ಮೊಣಕಾಲು ಬಾಗಿದಾಗ ತೊಡೆಮೂಳೆಯ ಕೆಳತುದಿಯಲ್ಲಿರುವ ಒಂದು ತೋಡಿನಲ್ಲಿ ಜಾರುತ್ತದೆ. ಬಾಗಿದಷ್ಟೂ ಚಿಪ್ಪು ಮೂಳೆಗೆ ಒತ್ತಿಕೊಳ್ಳುತ್ತದೆ. ಆ ಒತ್ತಡವನ್ನು ತಾಳುವುದಕ್ಕಾಗಿಯೇ ಚಿಪ್ಪಿನ ಹಿಂಬದಿಯಲ್ಲಿ ಪ್ರಕೃತಿ ಬಹಳ ದಪ್ಪನಾದ ಮೃದ್ವಸ್ಥಿಯನ್ನು ಹೊದಿಸಿದೆ. ಮೃದ್ವಸ್ಥಿಯಲ್ಲಿ ನರಗಳಿಲ್ಲ, ಆದ್ದರಿಂದ ನೋವು ಅದರದಲ್ಲ. ಅದರ ಕೆಳಗಿನ ಮೂಳೆ, ಸುತ್ತಣ ಪೊರೆ, ಕೊಬ್ಬಿನ ಮೆತ್ತೆ, ಇವು ತಾಳಿಕೆಗೆ ಮೀರಿದ ಭಾರ ಬಿದ್ದಾಗ ಕೆರಳಿ ಕೂಗಿಡುತ್ತವೆ. ಮೆಟ್ಟಿಲು ಇಳಿಯುವಾಗ, ಬಸ್ಕಿ ಹೊಡೆಯುವಾಗ, ಮಂಡಿ ಮಡಿಸಿ ಬಹಳ ಹೊತ್ತು ಕುಳಿತು ಏಳುವಾಗ ಮಂಡಿಯ ಮುಂದೆ ನೋಯುವುದು ಇದರ ಮುಖ್ಯ ಲಕ್ಷಣ. ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಂಡುಬರುವುದರಿಂದ ಸೋದರಿಯರೂ ಇದನ್ನು ಗಮನಿಸಬೇಕು. ಅಂದ ಹಾಗೆ, ನೋವಿಲ್ಲದೆ ಬರಿಯ 'ಕಟಕಟ' ಸದ್ದು ಮಾತ್ರ ಬರುತ್ತಿದ್ದರೆ ಸಾಮಾನ್ಯವಾಗಿ ಅದಕ್ಕೆ ಅಂಜಬೇಕಾಗಿಲ್ಲ.

ಇದನ್ನು ನಮ್ಮ ಕಸಬಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಖಾತೆಯಲ್ಲಿ ಇರುವ ಶಿಲ್ಕಿಗಿಂತ ಹೆಚ್ಚಿನ ಹಣಕ್ಕೆ ಚೆಕ್ಕು ಬರೆದರೆ ಅದು ಹಿಂತಿರುಗಿ ಬರುತ್ತದೆ. ಚೆಕ್ಕು ಹಿಂತಿರುಗಿತೆಂದು ಯಾರೂ ಖಾತೆಯನ್ನೇ ಮುಚ್ಚಿಸುವುದಿಲ್ಲ. ಮೊದಲು ಜಮಾ ಮಾಡುತ್ತಾರೆ, ಆಮೇಲೆ ಚಿಕ್ಕ ಮೊತ್ತದ ಚೆಕ್ಕು ಬರೆಯುತ್ತಾರೆ. ಮೊಣಕಾಲಿನ ನೋವು ಹಿಂತಿರುಗಿ ಬಂದ ಚೆಕ್ಕು. ನಮ್ಮ ಮಿತ್ರರು ನಾಲ್ಕು ತಿಂಗಳು ಖಾತೆಯನ್ನೇ ಮುಚ್ಚಿಸಿದ್ದರು. ಆ ಕಾಲದಲ್ಲಿ ತೊಡೆಯ ಬಲ ಇನ್ನೂ ಕುಗ್ಗಿ, ಮೊದಲು ನೂರಕ್ಕೆ ನೋಯುತ್ತಿದ್ದ ಮಂಡಿ ಕಡೆಗೆ ಹತ್ತು ಮೆಟ್ಟಿಲಿಗೆ ನೋಯತೊಡಗಿತು.

ಈ ನೋವಿಗೆ ಜನರಲ್ಲಿ ಎರಡು ಉಪದೇಶಗಳು ಬಳಕೆಯಲ್ಲಿವೆ. ಅವೆರಡನ್ನೂ ಸ್ವಲ್ಪ ಪರೀಕ್ಷಿಸುವುದು ಒಳ್ಳೆಯದು.

ಮೊದಲನೆಯದು, "ಪೂರ್ತಿ ಕೆಳಗೆ ಇಳಿಯಬೇಡಿ, ಮಂಡಿ ಹಾಳಾಗುತ್ತದೆ" ಎಂಬುದು. ಇದು ಹರಡಿದುದಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಎಂಬವರು, ಆಳವಾದ ಬಸ್ಕಿ ಹೊಡೆಯುವ ಭಾರ ಎತ್ತುವವರನ್ನು ಪರೀಕ್ಷಿಸಿ, ಅವರ ಮೊಣಕಾಲಿನ ಹುರಿಗಳು ಸಡಿಲವಾಗಿವೆ ಎಂದು 1961ರಲ್ಲಿ ಪ್ರಕಟಿಸಿದರು. ಅದನ್ನು ನಂಬಿ ಅನೇಕ ಕಡೆ ಪೂರ್ಣ ಬಸ್ಕಿಯನ್ನು ಬಿಡಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಈ ಮಾತು ನಿಲ್ಲಲಿಲ್ಲ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ವಾರ ಬಸ್ಕಿಯ ಸಾಧನೆ ಮಾಡಿದವರ ಮೊಣಕಾಲಿನ ಬಿಗಿ ಕಡಮೆಯಾಗಿರಲಿಲ್ಲ. 2013ರಲ್ಲಿ ಜರ್ಮನಿಯ ವಿದ್ವಾಂಸರು ಅದುವರೆಗಿನ ಬರಹಗಳನ್ನೆಲ್ಲ ಜಾಲಾಡಿ, ಕ್ರಮವರಿತು, ಭಾರವನ್ನು ಕ್ರಮೇಣ ಏರಿಸಿದರೆ ಆಳವಾದ ಬಸ್ಕಿ ಆರೋಗ್ಯವಂತವಾದ ಮೊಣಕಾಲಿಗೆ ಹಾನಿಕರವಲ್ಲವೆಂಬ ನಿರ್ಣಯಕ್ಕೆ ಬಂದರು. ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಬೀಜಿಂಗ್ ನಗರದ ವೃದ್ಧರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾರುಣ್ಯದಲ್ಲಿ ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಮೇಲ್ಪಟ್ಟು ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದವರಲ್ಲಿ ಮಂಡಿಯ ಸಂಧಿವಾತ ಹೆಚ್ಚಾಗಿ ಕಂಡಿತು. ದಿನಕ್ಕೆ ಕೆಲವು ಬಾರಿ ಇಳಿದು ಏಳುವುದು ಬೇರೆ. ಗಂಟೆಗಟ್ಟಲೆ ಅದೇ ಭಂಗಿಯಲ್ಲಿ ದುಡಿಯುವುದು ಬೇರೆ. ಎರಡನ್ನೂ ಒಂದೇ ಖಾತೆಯಲ್ಲಿ ಬರೆಯಬಾರದು.

ಎರಡನೆಯ ಉಪದೇಶ, "ಮಂಡಿ ಕಾಲ್ಬೆರಳನ್ನು ದಾಟಬಾರದು" ಎಂಬುದು. ಜಿಮ್ಮುಗಳಲ್ಲಿ ಇದು ವೇದವಾಕ್ಯ. ಮೆಟ್ಟಿಲು ಇಳಿಯುವಾಗ ನಮ್ಮ ಮಂಡಿ ಪ್ರತಿದಿನವೂ ಬೆರಳನ್ನು ದಾಟುತ್ತದೆಯಲ್ಲ, ಅದಕ್ಕೇನು ಹೇಳುವುದು? 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಏಳು ಮಂದಿ ತರಬೇತಾದ ಗಂಡಸರ ಮಂಡಿ ಬೆರಳನ್ನು ದಾಟದಂತೆ ಮುಂದೆ ಹಲಗೆ ನಿಲ್ಲಿಸಿ ಬಸ್ಕಿ ಹೊಡೆಸಿದರು. ಮಂಡಿಯ ಮೇಲಿನ ತಿರುಚುಬಲ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಡಮೆಯಾಯಿತು, ನಿಜ. ಆದರೆ ಸೊಂಟದ ಕೀಲಿನ ಮೇಲೆ ಅದು ಹತ್ತು ಪಟ್ಟು ಏರಿತು. ಮುಂದಕ್ಕೆ ಬಾಗಿದುದರಿಂದ ಬೆನ್ನಿಗೂ ಆಯಾಸ. ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ವರ್ಗಾಯಿಸಿದಂತೆ. ಆದುದರಿಂದ ಈ ಮಾತು ಅರ್ಧಸತ್ಯ. ಮಂಡಿ ಕೆರಳಿರುವಾಗ ಕೆಲವು ವಾರ ಅದನ್ನು ಹೆಚ್ಚು ಮುಂದೆ ಹೋಗಗೊಡದಿರುವುದು ವಿವೇಕ. ಶಾಶ್ವತ ನಿಯಮವಾಗಿ ಅದು ಬೇಕಾಗಿಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ನಮ್ಮ ಕೂಟಕ್ಕೆ ಅಂಗಸಾಧನೆ ಕಲಿಸಿದ ಚಿಕಿತ್ಸಕಿಯೊಬ್ಬರು ಹೇಳಿಕೊಟ್ಟುದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಪಾದ. ಪಾದಗಳ ನಡುವೆ ಭುಜದಷ್ಟು ಅಗಲ ಇರಲಿ. ಬೆರಳುಗಳು ಸ್ವಲ್ಪ ಹೊರಗೆ ತಿರುಗಿರಲಿ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಈ ಮೂರೂ ನೆಲಕ್ಕೆ ಅಂಟಿಕೊಂಡಿರಬೇಕು. ಒಲೆಯ ಮೂರು ಗುಂಡುಗಳಲ್ಲಿ ಒಂದು ಅಲುಗಿದರೂ ಪಾತ್ರೆ ವಾಲುತ್ತದೆ, ಹಾಗೆ.

ಎರಡನೆಯದು ಮಂಡಿಯ ದಿಕ್ಕು. ಬೆರಳುಗಳು ಎತ್ತ ನೋಡುತ್ತಿವೆಯೊ ಮಂಡಿಯೂ ಅತ್ತಲೇ ಹೋಗಬೇಕು. ಏಳುವಾಗ ಎರಡು ಮಂಡಿಗಳೂ ಒಂದರತ್ತ ಒಂದು ಒಳಕ್ಕೆ ವಾಲುವುದು ಬಹು ಸಾಮಾನ್ಯ. ಆಗ ಚಿಪ್ಪು ತೋಡಿನ ಹೊರಬದಿಗೆ ಒತ್ತುತ್ತದೆ. ಇದಕ್ಕೆ ಕಾರಣ ಅನೇಕ ಸಲ ಮಂಡಿಯಲ್ಲಿರುವುದಿಲ್ಲ, ಸೊಂಟದ ಪಕ್ಕದ ಮಾಂಸಖಂಡಗಳ ದೌರ್ಬಲ್ಯದಲ್ಲಿರುತ್ತದೆ. ತನಗೆ ತಾನೇ ಇದು ಕಾಣುವುದಿಲ್ಲ. ಕನ್ನಡಿ ಬೇಕು, ಇಲ್ಲವೆ ಎದುರಿಗೆ ಒಬ್ಬ ಸ್ನೇಹಿತ ನಿಲ್ಲಬೇಕು. ಗುಂಪಿನಲ್ಲಿ ವ್ಯಾಯಾಮ ಮಾಡುವುದರ ದೊಡ್ಡ ಲಾಭ ಇದೇ.

ಮೂರನೆಯದು ಸೊಂಟ. ಮಂಡಿಯೊಂದನ್ನೇ ಬಾಗಿಸದೆ, ಹಿಂದೆ ಮೋಡಾ ಇರಿಸಿದ್ದಾರೆ, ಅದರ ಮೇಲೆ ಕೂರಬೇಕಾಗಿದೆ ಎಂದು ಭಾವಿಸಿ ಸೊಂಟವನ್ನೂ ಮಂಡಿಯನ್ನೂ ಒಟ್ಟಿಗೆ ಮಡಿಸಬೇಕು. ಬೆನ್ನು ನೀಳವಾಗಿರಲಿ, ಸ್ವಲ್ಪ ಮುಂದೆ ಬಾಗಿದರೆ ದೋಷವಿಲ್ಲ, ಗೂನಾಗಬಾರದು.

ನಾಲ್ಕನೆಯದು ಪಾದದ ಕೀಲು. ಕೆಳಗಿಳಿದಾಗ ಹಿಮ್ಮಡಿ ಏಳುವುದು ಅನೇಕರಲ್ಲಿ ಮೀನಖಂಡದ ಬಿಗಿತದಿಂದ. ಪರೀಕ್ಷೆ ಸುಲಭ. ಗೋಡೆಯಿಂದ ಹೆಬ್ಬೆರಳನ್ನು ನಾಲ್ಕು ಅಂಗುಲ, ಎಂದರೆ ಸುಮಾರು 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯಿಂದ ಗೋಡೆಯನ್ನು ಮುಟ್ಟಬೇಕು. ಮುಟ್ಟಲಾಗದಿದ್ದರೆ ಅದನ್ನೇ ದಿನವೂ ಅಭ್ಯಾಸ ಮಾಡಿದರಾಯಿತು. ಅಲ್ಲಿಯವರೆಗೆ ಹಿಮ್ಮಡಿಗಳ ಕೆಳಗೆ ಒಂದೆರಡು ಸೆಂಟಿಮೀಟರ್ ದಪ್ಪದ ಹಲಗೆ ಇಟ್ಟುಕೊಳ್ಳಬಹುದು. ಅದರಿಂದ ಮಂಡಿ ಹೆಚ್ಚು ಮುಂದೆ ಹೋಗುವುದರಿಂದ, ಮಂಡಿ ಕೆರಳಿರುವವರು ಹಲಗೆಗಿಂತ ಆಳವನ್ನು ಕಡಮೆ ಮಾಡಿಕೊಳ್ಳುವುದು ಲೇಸು.

ಐದನೆಯದು ವೇಗ. ಮೂರು ಎಣಿಸುತ್ತ ಇಳಿಯಿರಿ, ಒಂದು ಕ್ಷಣ ನಿಲ್ಲಿರಿ, ಉಸಿರು ಬಿಡುತ್ತ ಏಳಿರಿ. ಕಲ್ಲಿನಂತೆ ಬಿದ್ದು ಚೆಂಡಿನಂತೆ ಪುಟಿಯುವುದು ಬೇಡ.

ಇಷ್ಟು ಕ್ರಮದ ಮಾತಾಯಿತು. ಇದಕ್ಕಿಂತ ಮುಖ್ಯವಾದುದು ಪ್ರಮಾಣ. ನಮ್ಮ ಮಿತ್ರರಿಗೆ ಚಿಕಿತ್ಸಕಿಯವರು ಕೊಟ್ಟ ಏಣಿ ನಮಗೆಲ್ಲ ಬಹಳ ಹಿಡಿಸಿತು. ಅದರ ಮೇಲ್ಮೆಟ್ಟಿಲು ಕುರ್ಚಿ, ಕೊನೆಯ ಮೆಟ್ಟಿಲು ಮಣೆ. ಮೊದಲ ಎರಡು ವಾರ 45 ಸೆಂಟಿಮೀಟರ್ ಎತ್ತರದ ಸಾಮಾನ್ಯ ಕುರ್ಚಿಯ ಮೇಲೆ, ಕೈ ಊರದೆ, ನಿಧಾನವಾಗಿ ಕುಳಿತು ಏಳುವುದು. ಎಂಟು ಸಲ, ವಿಶ್ರಾಂತಿ, ಮತ್ತೆ ಎಂಟು, ಮತ್ತೆ ಎಂಟು. ದಿನ ಬಿಟ್ಟು ದಿನ. ಅದಕ್ಕೂ ನೋವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸುವುದು. ಎಂಟು ಸುಲಭವಾದ ಮೇಲೆ ಹತ್ತು, ಆಮೇಲೆ ಹನ್ನೆರಡು. ಆಮೇಲೆ ಸಂಖ್ಯೆಯನ್ನು ಮತ್ತೆ ಎಂಟಕ್ಕೆ ಇಳಿಸಿ, ಒಂದು ಮೆಟ್ಟಿಲು ಕೆಳಗೆ, ಸ್ಟೂಲಿಗೆ. ಅಲ್ಲಿಂದ ಕಾಲುಮಣೆಗೆ. ಕಡೆಗೆ ಊಟದ ಮಣೆಗೆ. ಸಂಖ್ಯೆಯನ್ನೂ ಆಳವನ್ನೂ ಒಂದೇ ವಾರದಲ್ಲಿ ಏರಿಸಬಾರದೆಂಬುದು ಕಟ್ಟುನಿಟ್ಟು.

ಇದರ ಜೊತೆಗೆ ಸೊಂಟಕ್ಕೆ ಎರಡು ಸಾಧನೆಗಳು. ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ಊರಿ, ಸೊಂಟವನ್ನು ಮೇಲೆತ್ತಿ ಐದು ಎಣಿಸುವವರೆಗೆ ಹಿಡಿಯುವುದು ಒಂದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವುದು ಇನ್ನೊಂದು. ಮಂಡಿಯ ನೋವಿಗೆ ಸೊಂಟದ ಸಾಧನೆಯೇಕೆಂದು ಕೇಳಿದವರುಂಟು. ಮಂಡಿಚಿಪ್ಪಿನ ನೋವಿಗೆ ಮಂಡಿ ಮತ್ತು ಸೊಂಟ ಎರಡಕ್ಕೂ ಸೇರಿಸಿ ಮಾಡಿಸುವ ವ್ಯಾಯಾಮವೇ ಉತ್ತಮವೆಂದು ಈ ವಿಷಯದ ಅಂತರರಾಷ್ಟ್ರೀಯ ತಜ್ಞರ ಕೂಟ 2016ರಲ್ಲಿಯೂ 2018ರಲ್ಲಿಯೂ ಸಲಹೆ ಮಾಡಿದೆ.

ನೋವಿದ್ದಾಗ ಮಾಡಬಹುದೆ? ಇದು ಎಲ್ಲರೂ ಕೇಳುವ ಪ್ರಶ್ನೆ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಿರಿ ಎಂದರು ಚಿಕಿತ್ಸಕಿಯವರು. ಸಾಧನೆಯ ಸಮಯದಲ್ಲಿ ಮೂರರೊಳಗೆ ಇದ್ದು, ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಬಹುದು. ಮರುದಿನವೂ ಹೆಚ್ಚಾಗಿಯೇ ಉಳಿದರೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಬೇಕು. ನೋವಿನ ಗುಳಿಗೆ ನುಂಗಿ, ನೋವನ್ನು ಬಾಯಿ ಮುಚ್ಚಿಸಿ, ಆಮೇಲೆ ಬಸ್ಕಿ ಹೊಡೆಯಬಾರದು. ಲೆಕ್ಕಪರಿಶೋಧಕನನ್ನು ಕೋಣೆಯಲ್ಲಿ ಕೂಡಿಹಾಕಿ ಲೆಕ್ಕ ಬರೆದಂತಾಗುತ್ತದೆ ಅದು! ನಮ್ಮ ಮಿತ್ರರು ಒಂದು ಚಿಕ್ಕ ಪುಸ್ತಕವಿಟ್ಟುಕೊಂಡು ದಿನಾಂಕ, ಎತ್ತರ, ಸಂಖ್ಯೆ, ಮರುದಿನದ ನೋವು ಎಂದು ನಾಲ್ಕು ಕಲಮುಗಳನ್ನು ಹಾಕಿ ಬರೆದರು. ಗುಮಾಸ್ತನಿಗೆ ಇದಕ್ಕಿಂತ ಹಿತವಾದ ಚಿಕಿತ್ಸೆ ಇನ್ನೊಂದುಂಟೆ?

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಮಂಡಿನೋವೂ ಒಂದೇ ಅಲ್ಲ. ಮಂಡಿ ಊದಿಕೊಂಡಿದ್ದರೆ, ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ, ಬಾಗಿಸಿದಾಗ ಸಿಕ್ಕಿಹಾಕಿಕೊಂಡು ನೀಡಲು ಬಾರದಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿದರೆ, ಬಿದ್ದು ಅಥವಾ ತಿರುಚಿ ಏಟಾದ ಮೇಲೆ ಕಾಲೂರಲಾಗದಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಈ ಭಾಷಣವನ್ನು ಮರೆತು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಂಧಿವಾತವಿರುವ ಹಿರಿಯರಿಗೂ ಮಂಡಿಯ ಶಸ್ತ್ರಚಿಕಿತ್ಸೆಯಾದವರಿಗೂ ಅವರವರ ವೈದ್ಯರ ಮಾತೇ ಪ್ರಮಾಣ. ಅವರಲ್ಲಿ ಅನೇಕರಿಗೆ ಕುರ್ಚಿಯ ಮೆಟ್ಟಿಲೇ ಸಾಕು. ಕೈಯೂರದೆ ಕುರ್ಚಿಯಿಂದ ಎದ್ದು ನಿಲ್ಲುವ ಶಕ್ತಿ ಅವರಿಗೆ ನಮ್ಮ ನೂರು ಬಸ್ಕಿಗಿಂತ ದೊಡ್ಡದು.

ಗರಡಿಮನೆಯ ವಿಷಯವಾಗಿ ಎರಡು ಮಾತು ಹೇಳದಿದ್ದರೆ ಈ ಪ್ರಸಂಗ ಅಪೂರ್ಣವಾದೀತು. 1910ರಲ್ಲಿ ಲಂಡನ್ನಿನಲ್ಲಿ ಜಗಜಟ್ಟಿಗಳ ಎದುರು ನಿಂತ ಗಾಮಾ ಪೈಲ್ವಾನ್ ದಿನಕ್ಕೆ ಸಾವಿರಾರು ಬಸ್ಕಿ ಹೊಡೆಯುತ್ತಿದ್ದನೆಂಬ ಮಾತು ಪ್ರಸಿದ್ಧವಾಗಿದೆ. ಅದನ್ನು ಕೇಳಿ ಉಬ್ಬಿ, ತುದಿಗಾಲಿನ ಮೇಲೆ ವೇಗವಾಗಿ ಹೊಡೆಯುವ ಪೈಲ್ವಾನರ ಬಸ್ಕಿಗೆ ಕೈಹಾಕುವ ಗೃಹಸ್ಥರಿದ್ದಾರೆ. ಗರಡಿಯ ಹುಡುಗ ಚಿಕ್ಕಂದಿನಲ್ಲಿಯೇ ಮಟ್ಟಿಗೆ ಇಳಿಯುತ್ತಾನೆ. ಉಸ್ತಾದರ ಕಣ್ಣು ಅವನ ಮೇಲಿರುತ್ತದೆ. ವರ್ಷ ವರ್ಷವೂ ಸಂಖ್ಯೆ ಏರುತ್ತದೆ. ಮೈಗೆ ತಕ್ಕ ಉಣಿಸು, ವಿಶ್ರಾಂತಿ, ಅಂಗಮರ್ದನ ಉಂಟು. ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು, ಮೂರು ಗಂಟೆ ಲೋಕಲಿನಲ್ಲಿ ನಿಂತು ಬರುವವನು ಗರಡಿಯಿಂದ ಸಂಖ್ಯೆಯನ್ನು ತೆಗೆದುಕೊಳ್ಳುವುದಲ್ಲ. ಉಸ್ತಾದರ ಕಣ್ಣನ್ನೂ ವರ್ಷಗಳ ತಾಳ್ಮೆಯನ್ನೂ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅಂಗಸಾಧನೆಯನ್ನು ಒಂದು ವಿದ್ಯೆಯೆಂದು ಕಲಿಸಿದ ಕೆ. ವಿ. ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ'ಗಳಂಥ ಕಾದಂಬರಿಗಳನ್ನೂ ಬರೆದರೆಂಬುದನ್ನು ತಾವೆಲ್ಲ ಬಲ್ಲಿರಿ. ಮೈಯ ಸಾಧನೆಯೂ ಸಾಹಿತ್ಯದ ಸಾಧನೆಯೂ ಒಬ್ಬರಲ್ಲೇ ನೆಲೆಸಿದ ನಾಡು ನಮ್ಮದು. ಕನ್ನಡ ಸಂಘದ ವೇದಿಕೆಯಲ್ಲಿ ಬಸ್ಕಿಯ ಮಾತು ಬಂದುದು ಅನುಚಿತವೆಂದು ಯಾರೂ ಭಾವಿಸಲಾರರೆಂಬ ಧೈರ್ಯ ನಮಗೆ ಬಂದುದು ಅಲ್ಲಿಂದಲೇ.

ನಮ್ಮ ಮಿತ್ರರ ಲೆಕ್ಕಪುಸ್ತಕದ ಪ್ರಕಾರ, ಸೇತುವೆಯ ಮೆಟ್ಟಿಲನ್ನು ನೋವಿಲ್ಲದೆ ಇಳಿದುದು ಏಳನೆಯ ವಾರದಲ್ಲಿ. ಸ್ಟೂಲಿಗೆ ಇಳಿದ ಮೇಲೆ ಎರಡು ಸಲ ಮತ್ತೆ ಕುರ್ಚಿಗೆ ಏರಬೇಕಾಯಿತು. ಮಣೆಯನ್ನು ಮುಟ್ಟಲು ಐದು ತಿಂಗಳು ಹಿಡಿಯಿತು. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ಮೂವತ್ತು ಬಸ್ಕಿ. ಅದಕ್ಕಿಂತ ಹೆಚ್ಚಿನ ಆಸೆಯನ್ನು ಅವರು ಇಟ್ಟುಕೊಂಡಿಲ್ಲ. ಮರುವರ್ಷದ ಶ್ರಾದ್ಧದಲ್ಲಿ ಮಣೆಯ ಮೇಲೆ ಕುಳಿತರು. ನಡುವೆ ಎರಡು ಸಲ ಕಾಲು ಬದಲಿಸಬೇಕಾಯಿತೆಂದೂ, ಚಿಕ್ಕಪ್ಪನವರು ಈ ಸಲ ಏನೂ ಹೇಳದೆ ಎಲೆಗೆ ಇನ್ನೊಂದು ವಡೆ ಬಡಿಸಿದರೆಂದೂ ನಮಗೆ ವರದಿ ಬಂದಿದೆ.

ಮಣೆಯವರೆಗೆ ಎಲ್ಲರೂ ತಲುಪಲೇಬೇಕೆಂಬ ಹಟ ನಮ್ಮದಲ್ಲ. ಸೊಂಟದ ಮೂಳೆಯ ರಚನೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಒಬ್ಬರಿಗೆ ಸಹಜವಾದ ಆಳ ಇನ್ನೊಬ್ಬರಿಗೆ ಅಸಾಧ್ಯ. ಆದರೆ ಮೂವತ್ತೈದರ ಪ್ರಾಯದವರು ನೆಲವನ್ನು ಕಂಡು ಅಂಜುವ ಸ್ಥಿತಿ ಬರಬಾರದು. ಊರಿಗೆ ಹೋದಾಗ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂರಲು, ಮಗು ಕೆಳಗೆ ಆಡುತ್ತಿದ್ದರೆ ಅದರ ಎತ್ತರಕ್ಕೆ ಇಳಿಯಲು, ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಯಾರ ಕೈಯನ್ನೂ ಹಿಡಿಯದೆ ಏಳಲು ಬೇಕಾದುದು ಪೈಲ್ವಾನರ ತೊಡೆಯಲ್ಲ; ತಾಳ್ಮೆಯಿಂದ ಸಾಕಿದ ಒಂದು ಜೊತೆ ಮೊಣಕಾಲು.

ಬುಧವಾರ, ಶುಕ್ರವಾರ, ಭಾನುವಾರಗಳಂದು ಬೆಳಿಗ್ಗೆ ಆರೂವರೆಗೆ ಈ ಸಭಾಂಗಣದ ಬಾಗಿಲು ತೆರೆದಿರುತ್ತದೆ. ಶುಲ್ಕವಿಲ್ಲ. ಕುರ್ಚಿಗಳು ಸಂಘದವು, ಒಂದು ಮಣೆಯನ್ನು ಮಾತ್ರ ಮನೆಯಿಂದ ತರಬೇಕು. ಮೊದಲ ದಿನ ಅದನ್ನು ಮೂಲೆಯಲ್ಲಿ ಇಟ್ಟಿರೋಣ. ಅವಸರವೇನೂ ಇಲ್ಲ.

ದಯಮಾಡಿ ಈಗ ಎಲ್ಲರೂ ಕೈಯೂರದೆ, ಮೂರು ಎಣಿಸುತ್ತ, ನಿಧಾನವಾಗಿ ಕುರ್ಚಿಯಿಂದ ಮೇಲೇಳಬೇಕೆಂದು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.